ತಕರಾಜುಕಾ ತಂಡದ ಪ್ರದರ್ಶನದಲ್ಲಿ ಕಥೆ ಮುಗಿದ ಮೇಲೂ ಹಾಡು-ನೃತ್ಯ ಮುಂದುವರಿಯುವುದೇಕೆ?

ಜಪಾನಿನ ಹ್ಯೋಗೊ ಪ್ರಾಂತ್ಯದ ಈ ತಂಡದಲ್ಲಿ ಗಂಡು ಪಾತ್ರಗಳನ್ನೂ ಸ್ತ್ರೀಯರೇ ನಿರ್ವಹಿಸುತ್ತಾರೆ. ಸಾಮಾನ್ಯವಾಗಿ ಮೊದಲು ಒಂದು ಸಂಗೀತ ನಾಟಕ, ವಿರಾಮದ ನಂತರ ಕಥೆಯ ಹಂಗಿಲ್ಲದ ವರ್ಣರಂಜಿತ ರೆವ್ಯೂ, ಅಂದರೆ ಹಾಡು-ನೃತ್ಯಗಳ ಸರಣಿ, ಇರುತ್ತದೆ. ನಾಟಕ ದುರಂತದಲ್ಲಿ ಕೊನೆಗೊಂಡರೂ ಪ್ರೇಕ್ಷಕರು ಹಬ್ಬದ ಸಂಭ್ರಮದಲ್ಲಿಯೇ ಹಿಂದಿರುಗುವುದು ಈ ಎರಡನೆಯ ಭಾಗದಿಂದಾಗಿ.

ತಂಡದ ಮೂಲ ಒಬ್ಬ ರೈಲ್ವೆ ಉದ್ಯಮಿಯ ವ್ಯಾಪಾರಿ ಲೆಕ್ಕಾಚಾರದಲ್ಲಿದೆ ಎಂಬುದು ಸ್ವಾರಸ್ಯಕರ. ತಮ್ಮ ರೈಲುಮಾರ್ಗದ ಕೊನೆಯ ನಿಲ್ದಾಣವಾಗಿದ್ದ ತಕರಾಜುಕಾದ ಬಿಸಿನೀರಿನ ಬುಗ್ಗೆಗಳತ್ತ ಪ್ರಯಾಣಿಕರನ್ನು ಸೆಳೆಯಲೆಂದು ಇಚಿಜೊ ಕೊಬಾಯಾಶಿ 1913ರಲ್ಲಿ ಹುಡುಗಿಯರ ಗಾಯನ ತಂಡವೊಂದನ್ನು ಕಟ್ಟಿದರು. ಮರುವರ್ಷ ಮೊದಲ ಪ್ರದರ್ಶನ ನಡೆಯಿತು. ಪ್ಯಾರಿಸ್ಸಿನ ರೆವ್ಯೂ ಮಾದರಿ ಅಲ್ಲಿ ನೆಲೆಯೂರಿದ್ದು 1927ರ ‘ಮೊನ್ ಪಾರಿ’ ಎಂಬ ಪ್ರದರ್ಶನದಿಂದ.

ಸಮಾರೋಪದ ಮೆರವಣಿಗೆಯಂತೂ ಈಗ ಒಂದು ವಿಧಿಯೇ ಆಗಿದೆ. ವೇದಿಕೆಯ ತುಂಬ ಹರಡಿದ 26 ಮೆಟ್ಟಿಲುಗಳ ಮಹಾಸೋಪಾನದಿಂದ ಕಲಾವಿದೆಯರು ಕೈಯಲ್ಲಿ ಮಿನುಗುವ ಅಲಂಕಾರಿಕ ವಸ್ತುಗಳನ್ನು ಹಿಡಿದು, ಹಾಡುತ್ತ, ಕೆಳಗೆ ನೋಡದೆ ಇಳಿಯುತ್ತಾರೆ. ಎಲ್ಲರಿಗಿಂತ ಕೊನೆಗೆ, ಬೆನ್ನಿಗೆ ಬೃಹತ್ ಗರಿಗಳನ್ನು ಕಟ್ಟಿಕೊಂಡು ಬರುವವರು ಗಂಡು ಪಾತ್ರಗಳ ಪ್ರಮುಖ ತಾರೆ. ಇಳಿಯುವ ಈ ಕ್ರಮ ತಂಡದೊಳಗಿನ ಸ್ಥಾನಮಾನವನ್ನೂ ಸೂಚಿಸುವುದರಿಂದ, ಅಭಿಮಾನಿಗಳು ನಾಟಕಕ್ಕಿಂತ ಇದನ್ನೇ ಹೆಚ್ಚು ಗಮನವಿಟ್ಟು ನೋಡಿದರೆ ಆಶ್ಚರ್ಯವಿಲ್ಲ.