ಹಳೇ ಮಂಜೂರಾತಿ ಕಡತ ‘ಲಭ್ಯವಿಲ್ಲ’ ಅಂದರೆ

ಮಾಹಿತಿ ಹಕ್ಕು ಅರ್ಜಿಗೆ ಕಚೇರಿಯಿಂದ ‘ಲಭ್ಯವಿಲ್ಲ’ ಎಂಬ ಹಿಂಬರಹ (ಲಿಖಿತ ಉತ್ತರ) ಬಂತು, ಮುಂದೇನು ಅಂತ ಕೇಳಿದ್ದೀರಿ. ಕಡತ ಬಹುಶಃ ಕಳೆದಿಲ್ಲ, ಕೋಲಾರದಲ್ಲೇ ಉಳಿದಿರಬೇಕು. ನೀವು ಕೇಳಿರುವುದು ಬಾಗೇಪಲ್ಲಿ ತಾಲ್ಲೂಕಿನ 1984ರ ಜಮೀನು ಮಂಜೂರಾತಿ ಕಡತ. ಬಾಗೇಪಲ್ಲಿ ಈಗಿರುವ ಚಿಕ್ಕಬಳ್ಳಾಪುರ ಜಿಲ್ಲೆ ಕೋಲಾರದಿಂದ ಬೇರೆಯಾಗಿದ್ದೇ 2007ರಲ್ಲಿ, ಅಲ್ವಾ? ನಮ್ಮ ಮನೆಯ ಕಡತಕ್ಕೂ ಇದೇ ಉತ್ತರ ಬಂದಿತ್ತು, ಕೊನೆಗೆ ಹಳೇ ಜಿಲ್ಲೆಯ ರೆಕಾರ್ಡ್ ರೂಮಿನಲ್ಲಿ ಸಿಕ್ಕಿತು.

ಮೊದಲು ಮಂಜೂರಾತಿ ಆದೇಶದ ಕೆಳಗೆ ಯಾರ ಸಹಿ ಇದೆ ನೋಡಿ. ತಹಶೀಲ್ದಾರರದಾಗಿದ್ದರೆ ಕಡತ ತಾಲ್ಲೂಕು ಕಚೇರಿಯಲ್ಲೇ ಇರಬಹುದು, ಅಲ್ಲಿಗೇ ಹೊಸ ಅರ್ಜಿ ಹಾಕಿ. ಜಿಲ್ಲಾಧಿಕಾರಿಯದಾದರೆ ಕೋಲಾರಕ್ಕೆ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು. ಒಂದೇ ವಿಷಯ ಇರಲಿ, 150 ಪದ ದಾಟಬೇಡಿ, ಅದು ಕರ್ನಾಟಕದ ನಿಯಮ. ಬರೀ ನಕಲು ಕೇಳಿ ಸುಮ್ನೆ ಕೂರಬೇಡಿ. ಗ್ರಾಮ, ಸರ್ವೆ ನಂಬರ್, ಆದೇಶದ ನಂಬರ್ ಬರೆದು, ಆ ಕಡತ ಹೊಸ ಜಿಲ್ಲೆಗೆ ಹೋಗಿದ್ದರೆ ಕಳಿಸಿದ ಪಟ್ಟಿಯ ನಕಲನ್ನೂ, ರೆಕಾರ್ಡ್ ರೂಮಿನ ರಿಜಿಸ್ಟರನ್ನು ನೀವೇ ಬಂದು ನೋಡುವ ಅವಕಾಶವನ್ನೂ ಕೇಳಿ. ನನಗೆ ದಾರಿ ತೋರಿಸಿದ್ದು ಆ ರಿಜಿಸ್ಟರೇ.

ಹಾಗಂತ ಮೇಲ್ಮನವಿ ಬಿಡಬೇಡಿ. ಹಿಂಬರಹ ಕೈಸೇರಿದ 30 ದಿನದೊಳಗೆ, ಅದನ್ನು ಕೊಟ್ಟ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮಾಹಿತಿ ಹಕ್ಕು ಕಾಯ್ದೆಯ 19(1)ನೇ ಕಲಮಿನಡಿ ಕೊಡಿ. ‘ಲಭ್ಯವಿಲ್ಲ’ ಅನ್ನುವುದು ಮಾಹಿತಿ ನಿರಾಕರಿಸಲು ಅದೇ ಕಾಯ್ದೆಯ 8, 9ನೇ ಕಲಂಗಳಲ್ಲಿರುವ ಕಾರಣವೇ ಅಲ್ಲ, ಕಡತ ಬೇರೆ ಕಚೇರಿಯದಾಗಿದ್ದರೆ 6(3)ರ ಪ್ರಕಾರ 5 ದಿನದೊಳಗೆ ಅವರೇ ಅರ್ಜಿ ವರ್ಗಾಯಿಸಬೇಕಿತ್ತು ಎಂದು ಬರೆಯಿರಿ. ನಿಜವಾಗಿಯೂ ಕಳೆದಿದ್ದರೆ ವಿಚಾರಣೆ ಮಾಡಿಸಿ, ಕಡತ ಮತ್ತೆ ಕಟ್ಟಿಕೊಡಿ ಎಂದೂ ಕೇಳಿ. ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ಎಲ್ಲವನ್ನೂ ಸ್ಪೀಡ್ ಪೋಸ್ಟ್‌ನಲ್ಲೇ ಕಳಿಸಿ, ರಸೀದಿ ಜೋಪಾನ.