ಪೆರಾಕ್ಸೈಡ್ ಹೆಚ್ಚಿಸಿದಂತೆ ಯೀಸ್ಟ್ ಕಿಣ್ವದ ವೇಗ ಹೇಗೆ ಬದಲಾಗುತ್ತದೆ? ಪ್ರಯೋಗ ಮಾಡುವ ಬಗೆ

ಯೀಸ್ಟ್‌ನ ಕ್ಯಾಟಲೇಸ್ ಕಿಣ್ವ ಹೈಡ್ರೋಜನ್ ಪೆರಾಕ್ಸೈಡನ್ನು ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ. ಹೊರಬರುವ ಅನಿಲವನ್ನು ಅಳೆದರೆ ವೇಗ ಗೊತ್ತಾಗುತ್ತದೆ.

100 ಮಿ.ಲೀ. ನೀರಿಗೆ 1 ಗ್ರಾಂ ಒಣ ಯೀಸ್ಟ್ ಕದಡಿ 10 ನಿಮಿಷ ಬಿಡಿ. 6% ಪೆರಾಕ್ಸೈಡಿಗೆ ನೀರು ಬೆರೆಸಿ 0.5, 1, 2, 3, 4% ದ್ರಾವಣ ಮಾಡಿಕೊಳ್ಳಿ. 1% ಬೇಕಾದರೆ 1 ಭಾಗಕ್ಕೆ 5 ಭಾಗ ನೀರು. ಬರೀ ನೀರಿನದೂ ಒಂದಿರಲಿ. ಫ್ಲಾಸ್ಕಿಗೆ 10 ಮಿ.ಲೀ. ದ್ರಾವಣ ಹಾಕಿ, ಬಿಗಿಯಾಗಿ ಬಿರಡೆ ಹಾಕಿ, ಬಿರಡೆಯಿಂದ ಹೊರಟ ನಳಿಕೆಯ ತುದಿಯನ್ನು ನೀರು ತುಂಬಿ ಬೋರಲು ಹಾಕಿದ ಅಳತೆ ಜಾಡಿಯೊಳಗೆ ತೂರಿಸಿ. ಬಿರಡೆಯ ಮೂಲಕ ಸಿರಿಂಜಿನಿಂದ 2 ಮಿ.ಲೀ. ಯೀಸ್ಟ್ ಬಿಡಿ. ಆ ದ್ರವವೇ 2 ಮಿ.ಲೀ. ಗಾಳಿಯನ್ನು ತಳ್ಳುತ್ತದೆ, ಅದನ್ನು ಕಳೆಯಿರಿ.

ಹೆಚ್ಚಿನವರು ಎಡವುವುದು ಇಲ್ಲಿ: ಗುಳ್ಳೆ ನಿಲ್ಲುವವರೆಗೆ ಕಾದು ಒಟ್ಟು ಅನಿಲ ಬರೆದುಕೊಳ್ಳುತ್ತಾರೆ. ಅದು ಎಷ್ಟು ಪೆರಾಕ್ಸೈಡ್ ಇತ್ತು ಎಂಬುದನ್ನಷ್ಟೇ ಹೇಳುತ್ತದೆ. ನಕ್ಷೆ ನೆಟ್ಟಗೆ ಏರುತ್ತಲೇ ಹೋಗುತ್ತದೆ. ಬೇಕಾದ್ದು ಮೊದಲ 30 ಸೆಕೆಂಡಿನ ವೇಗ. ಪೆರಾಕ್ಸೈಡ್ ಪ್ರಮಾಣ ಹೆಚ್ಚಿದಂತೆ ಈ ವೇಗದ ನಕ್ಷೆ ಮೊದಲು ಚುರುಕಾಗಿ ಏರಿ, ಕಿಣ್ವಗಳೆಲ್ಲ ಪೆರಾಕ್ಸೈಡಿನಿಂದ ಭರ್ತಿಯಾದಂತೆ ಬಾಗುತ್ತದೆ. 30 ಸೆಕೆಂಡಿನೊಳಗೇ ಪೆರಾಕ್ಸೈಡ್ ಮುಗಿದುಹೋಗಿ ನಕ್ಷೆ ಬಾಗದಿದ್ದರೆ ಯೀಸ್ಟನ್ನು ಇನ್ನಷ್ಟು ತೆಳುಮಾಡಿ.

ಯೀಸ್ಟ್ ತಳಕ್ಕೆ ಕೂರುತ್ತದೆ, ಪ್ರತಿ ಸಲ ಕಲಕಿಯೇ ಸಿರಿಂಜಿಗೆ ಎಳೆಯಿರಿ. ಕ್ರಿಯೆಯಲ್ಲಿ ಶಾಖವೂ ಹುಟ್ಟುವುದರಿಂದ ಫ್ಲಾಸ್ಕನ್ನು ನೀರಿನ ಬೋಗುಣಿಯಲ್ಲಿಡಿ. ಪ್ರತಿ ಪ್ರಮಾಣಕ್ಕೂ ಮೂರು ಸಲ ಅಳೆಯಿರಿ. ಕನ್ನಡಕ, ಕೈಗವಸು ಮರೆಯಬೇಡಿ.