ಬ್ರಹ್ಮಕಮಲ ಅರಳಿದ ರಾತ್ರಿ

ನಿಮ್ಮ ಪ್ರಶ್ನೆ ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ. ಬೆಂಗಳೂರಿಗೆ ಬಂದು ಎರಡು ವರ್ಷವಾದರೂ ಪಕ್ಕದ ಮನೆಯವರ ಹೆಸರು ಗೊತ್ತಿಲ್ಲ, ಹೂವು, ಮಳೆ, ಚಂದ್ರ ಎಲ್ಲವನ್ನೂ ಫೋನಿನಲ್ಲೇ ನೋಡುವುದು ಅಂತ ಬರೆದಿದ್ದೀರಿ. ಕೊನೆಯ ಸಲ ಏನನ್ನೋ ನೋಡಿ ಮೈ ಜುಮ್ ಅಂದಿದ್ದು ಯಾವಾಗ ಅಂತ ಕೇಳಿದ್ದೀರಿ. ನನಗೆ ಹೋದ ವರ್ಷ, ಜುಲೈ ತಿಂಗಳ ಒಂದು ರಾತ್ರಿ.

ನಾವಿರುವುದು ವಿಜಯನಗರದಲ್ಲಿ. ಎಂಟು ಮನೆಗಳ ಕಟ್ಟಡ, ನಮ್ಮದು ಮೂರನೇ ಮಹಡಿ. ಬಂದ ಹೊಸದರಲ್ಲಿ ನನ್ನದೂ ನಿಮ್ಮದೇ ಕಥೆ. ಮೆಟ್ಟಿಲ ಮೇಲೆ ಯಾರಾದರೂ ಎದುರಾದರೆ ಒಂದು ನಗು, ಅಷ್ಟೇ. ಕೆಳಗಿನ ಮನೆಯ ಅಜ್ಜಿಗೆ ಒಂದು ಸಲ ಫೋನಿನಲ್ಲಿ ಗ್ಯಾಸ್ ಬುಕ್ ಮಾಡಿಕೊಟ್ಟೆ. ಮಾರನೇ ದಿನ ಅವರು ಪೇಪರಿನಲ್ಲಿ ಸುತ್ತಿದ ಉದ್ದನೆಯ ಎಲೆಯೊಂದನ್ನು ಕೈಗಿಟ್ಟು, "ಬ್ರಹ್ಮಕಮಲ ಕಣಮ್ಮ, ನೆಡು" ಅಂದರು. ಖಾಲಿ ಪೇಂಟ್ ಬಕೆಟ್ಟಿಗೆ ತೂತು ಮಾಡಿ, ಕೆಂಪು ಮಣ್ಣು, ಮರಳು ಹಾಕಿ ನೆಟ್ಟೆ. ಮೂರು ವರ್ಷ ಬರೀ ಎಲೆ ಬಂತು, ಹೂವಿಲ್ಲ.

ಆಮೇಲೆ ಒಂದು ದಿನ ಎಲೆಯ ಅಂಚಿನ ಕಚ್ಚಿನಲ್ಲಿ ಕಾಳಿನಷ್ಟು ಮೊಗ್ಗು ಕಂಡಿತು. ಕೆಲಸದ ಮಧ್ಯೆ ಎದ್ದು ಹೋಗಿ ಹೋಗಿ ನೋಡುತ್ತಿದ್ದೆ. ತೊಟ್ಟು ದಿನಾ ಉದ್ದವಾಗುತ್ತಾ ಕೆಳಗೆ ಜೋತುಬಿತ್ತು. ಕೆಲವು ವಾರಗಳಾದ ಮೇಲೆ, ಕೊಕ್ಕರೆ ಕತ್ತು ಎತ್ತಿದ ಹಾಗೆ, ಬಾಗಿ ಮುಖ ಮೇಲೆ ಮಾಡಿತು. ಅಜ್ಜಿಗೆ ಫೋಟೋ ಕಳಿಸಿದೆ. ತಕ್ಷಣ ಫೋನ್ ಮಾಡಿದರು. "ಇವತ್ತು ರಾತ್ರಿನೇ ಅರಳುತ್ತೆ. ಒಬ್ಬಳೇ ನೋಡಬೇಡ ಕಣೇ. ಎಲ್ಲರನ್ನೂ ಕರಿ."

ರಾತ್ರಿ ಒಂಬತ್ತು ಗಂಟೆಗೆ ಗುರುತಿಲ್ಲದವರ ಬಾಗಿಲು ತಟ್ಟುವುದಕ್ಕೆ ನನಗೆ ತುಂಬಾ ಸಂಕೋಚ. ಆದರೆ ಈ ಹೂವು ನಾಳೆಗೆ ಕಾಯುವುದಿಲ್ಲ. ಕತ್ತಲಾದ ಮೇಲೆ ಬಿರಿಯಲು ಶುರುವಾಗಿ, ಮಧ್ಯರಾತ್ರಿಯ ಹೊತ್ತಿಗೆ ಪೂರ್ತಿ ಅರಳಿ, ಬೆಳಗಾಗುವಷ್ಟರಲ್ಲಿ ಬಾಡುತ್ತದೆ. ಹೋಗಿ ತಟ್ಟಿದೆ. ಎದುರು ಮನೆಯ ಹುಡುಗ ಕತ್ತಿಗೆ ಹೆಡ್‌ಫೋನ್ ಹಾಕಿಕೊಂಡೇ ಬಂದ. ಅವನ ಹೆಂಡತಿ ಹಿಟ್ಟಿನ ಕೈಯಲ್ಲೇ ಬಂದಳು. ಎರಡನೇ ಮಹಡಿಯ ಅಂಕಲ್, ಆಂಟಿ ಬಂದರು. ಅಜ್ಜಿ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿದರು. ಹಿಂದೆಯೇ ವಾಚ್‌ಮನ್ ಹೆಂಡತಿ, ಅಜ್ಜಿ ಕೂರಲಿ ಅಂತ ಪ್ಲಾಸ್ಟಿಕ್ ಕುರ್ಚಿ ಎತ್ತಿಕೊಂಡು ಬಂದಳು.

ಬಾಲ್ಕನಿಯಲ್ಲಿ ನಾಲ್ಕು ಜನಕ್ಕೂ ಜಾಗ ಸಾಲದು. ಒತ್ತಿಕೊಂಡು ಕೂತೆವು. ಅಜ್ಜಿ ಒಂದು ದೀಪ ಹಚ್ಚಿಸಿ, ಲೈಟ್ ಆರಿಸಲು ಹೇಳಿದರು. ಮೊದಲು ಹೊರಗಿನ ಸಪೂರ ಎಸಳುಗಳು ಹಿಂದಕ್ಕೆ ಬಾಗಿದವು. ತುದಿಯಲ್ಲಿ ಸಣ್ಣ ರಂಧ್ರದಷ್ಟು ಬಿರುಕು. ನೋಡ್ತಾ ನೋಡ್ತಾ ಅದು ದೊಡ್ಡದಾಯಿತು. ನನ್ನ ಆರು ವರ್ಷದ ಮಗಳು ಕೂಗಿದಳು, "ಅಮ್ಮಾ, ಅಲುಗಾಡ್ತು!" ನಿಜ, ಒಂದು ಎಸಳು ಸಣ್ಣಗೆ ನಡುಗಿ ಬಿಡಿಸಿಕೊಂಡಿತ್ತು. ಅಷ್ಟರಲ್ಲಿ ಪರಿಮಳ ಬಂತು. ಮೆಲ್ಲಗೆ ಬರಲಿಲ್ಲ, ಇಡೀ ಮನೆ ತುಂಬಿಕೊಂಡಿತು. ಹನ್ನೊಂದರ ಹೊತ್ತಿಗೆ ನನ್ನ ಅಂಗೈಗಿಂತ ಅಗಲವಾದ ಬಿಳಿ ಹೂವು. ಒಳಗೆ ನೂರಾರು ಎಳೆಯ ಕೇಸರ, ಮಧ್ಯೆ ನಕ್ಷತ್ರದ ಹಾಗೆ ಬಿಚ್ಚಿಕೊಂಡ ಶಲಾಕೆ. ಯಾರೂ ಮಾತಾಡಲಿಲ್ಲ. ವಾಚ್‌ಮನ್ ಹೆಂಡತಿ ಮಾತ್ರ ಮೆಲ್ಲಗೆ ಕೇಳಿದಳು, "ಮುಂಜಾನಿಕ ಇರೂದಿಲ್ಲೇನ್ರಿ ಅಕ್ಕಾರ?"

ನಿಜವಾದ ಬ್ರಹ್ಮಕಮಲ ಇದಲ್ಲ ಅಂತ ಕೆಲವರು ಹೇಳುತ್ತಾರೆ. ಅದು ಸರಿಯೇ. ಆ ಹೂವು ಬೆಳೆಯುವುದು ಹಿಮಾಲಯದಲ್ಲಿ, ಸುಮಾರು 4,000 ಮೀಟರ್ ಎತ್ತರದಲ್ಲಿ. ಉತ್ತರಾಖಂಡದ ರಾಜ್ಯ ಹೂವು ಅದು. ನಮ್ಮ ಬಾಲ್ಕನಿಯದು ಎಪಿಫಿಲಮ್ ಆಕ್ಸಿಪೆಟಲಮ್, ಪಾಪಸುಕಳ್ಳಿಯ ಕುಲದ್ದು. ನಾವು ಎಲೆ ಅನ್ನುವುದು ಚಪ್ಪಟೆಯಾದ ಕಾಂಡ. ಅದರ ತವರು ಮೆಕ್ಸಿಕೋ, ಮಧ್ಯ ಅಮೆರಿಕದ ಕಡೆಯ ಕಾಡು. ಅಲ್ಲಿ ಮರಗಳ ಮೇಲೆ ಬೆಳೆಯುತ್ತದೆ. ಆ ಬಿಳುಪು, ಆ ಪರಿಮಳ ಎಲ್ಲಾ ಕತ್ತಲಲ್ಲಿ ಹಾರುವ ಪತಂಗಗಳನ್ನು ಕರೆಯುವುದಕ್ಕೆ. ಇದನ್ನು ತಿಳಿದ ಮೇಲೆ ನನ್ನ ಬೆರಗು ಜಾಸ್ತಿಯಾಯಿತು. ಅಷ್ಟು ದೂರದ ಗಿಡ, ಪತಂಗಕ್ಕೆ ಅಂತ ಬಿಟ್ಟ ಪರಿಮಳ. ನಮ್ಮ ಮೂರನೇ ಮಹಡಿಗೆ ಆ ರಾತ್ರಿ ಒಂದು ಪತಂಗವೂ ಬರಲಿಲ್ಲ. ಮೆಟ್ಟಿಲು ಹತ್ತಿ ಬಂದಿದ್ದು ನಾವು.

ಇನ್ನೊಂದು ವಿಷಯ. ನಾನು ನೋಡಿದ ಯಾವ ಮನೆಯ ಗಿಡದಲ್ಲೂ ಕಾಯಿ ಕಟ್ಟಿಲ್ಲ. ಗಿಡ ಮನೆಯಿಂದ ಮನೆಗೆ ಹೋಗುವುದು ಹೀಗೆ ಎಲೆ ಕೊಟ್ಟೇ. ಅಜ್ಜಿಗೆ ಕೊಟ್ಟಿದ್ದು ಮೈಸೂರಿನಲ್ಲಿದ್ದ ಅವರ ಅಕ್ಕ. ಅಕ್ಕನಿಗೆ ಕೊಟ್ಟಿದ್ದು ಪಕ್ಕದ ಮನೆಯ ಮೇಷ್ಟ್ರ ಹೆಂಡತಿ. ಅದರ ಹಿಂದೆ ಇನ್ನೆಷ್ಟು ಕೈಗಳೋ. ಆ ರಾತ್ರಿ ಅಜ್ಜಿ ಇದನ್ನೆಲ್ಲಾ ಹೇಳಿದರು. ಅಕ್ಕ ತೀರಿಕೊಂಡು ಹತ್ತು ವರ್ಷವಾಯಿತಂತೆ. ಹೂವಿನ ತೊಟ್ಟು ಮುಟ್ಟಿ ಸ್ವಲ್ಪ ಹೊತ್ತು ಹಾಗೇ ಕೂತರು. ಎದುರು ಮನೆಯ ಹುಡುಗಿ ಅವರ ಕೈ ಹಿಡಿದುಕೊಂಡಳು. ಅಲ್ಲಿವರೆಗೆ ಅವರಿಬ್ಬರೂ ಒಂದು ಮಾತೂ ಆಡಿದವರಲ್ಲ.

ಬೆಳಿಗ್ಗೆ ಹೂವು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ಆ ವಾರ ನಮ್ಮ ಗಿಡದಿಂದ ಮೂರು ಎಲೆ ಹೋದವು. ಒಂದು ಈಗ ಗೇಟಿನ ಹತ್ತಿರ, ವಾಚ್‌ಮನ್ ಮನೆ ಮುಂದೆ, ಎಣ್ಣೆ ಡಬ್ಬದಲ್ಲಿ ಚಿಗುರಿದೆ.

ನಿಮ್ಮ ಬೀದಿಯಲ್ಲೂ ಯಾರ ಮನೆಯಲ್ಲಾದರೂ ಇದ್ದೇ ಇರುತ್ತದೆ. ಹೋಗಿ ಒಂದು ಎಲೆ ಕೇಳಿ. ಕತ್ತರಿಸಿದ ಜಾಗ ಎರಡು ಮೂರು ದಿನ ನೆರಳಲ್ಲಿ ಒಣಗಲಿ, ಆಮೇಲೆ ನೆಡಿ. ಸುಡುವ ಬಿಸಿಲು ಬೇಡ, ನೀರು ಜಾಸ್ತಿಯಾದರೆ ಬುಡ ಕೊಳೆಯುತ್ತದೆ. ವಿಜಯನಗರ ನಿಮಗೆ ಹತ್ತಿರವಾದರೆ ನನಗೆ ಮೆಸೇಜ್ ಮಾಡಿ. ಈ ಸಲ ಐದು ಮೊಗ್ಗು ಬಂದಿವೆ. ಅರಳುವ ದಿನ ಹೇಳುತ್ತೇನೆ, ಬನ್ನಿ.